ಕಾಲಿಗೆ ಉಡುಪು, ಕೈಗೆ ಕಸುಬು

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಕನ್ನಡಿಗರು ಬಹುಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಉಣ್ಣುವುದು ತನ್ನ ನಾಲಗೆಗೆ ಒಪ್ಪಿದಂತೆ. ಉಡುವುದು ಮಾತ್ರ ನಾಲ್ವರ ಕಣ್ಣಿಗೆ ಒಪ್ಪಿದಂತೆ. ಕಚೇರಿಗೆ ಹೊರಟವರ ಷರಾಯಿಯ ಇಸ್ತ್ರಿ ಗೆರೆ, ಮದುವೆಗೆ ಹೊರಟವರ ಸೀರೆಯ ನೆರಿಗೆ, ಇವೆಲ್ಲವೂ ಪರರ ನೋಟಕ್ಕೆ ಸಲ್ಲುವ ಕಾಣಿಕೆಗಳೇ ಸರಿ. ಆದರೆ ಸಂಜೆ ಮನೆಯ ಹೊಸ್ತಿಲು ದಾಟಿ, ಕೈಕಾಲು ತೊಳೆದು, ಕಾಫಿಯ ಲೋಟವನ್ನು ಹಿಡಿದು ಕುಳಿತವರಿಗೆ ಈ ಗಾದೆಯ ಹಂಗಿಲ್ಲ. ಆಗ ಮೈಗೆ ಬೇಕಾದುದು ಮೈಗೆ ಒಪ್ಪುವ ಉಡುಪು. ಅಂಥ ಉಡುಪುಗಳಲ್ಲಿ ಪಾಯಿಜಾಮೆಯದು ಮುಖ್ಯ ಸ್ಥಾನ.

ಇಷ್ಟು ಸಾಧುವಾದ ಉಡುಪೂ ಅಂಗಡಿಯಿಂದ ಬಂದಾಗ ಎಷ್ಟೋ ವೇಳೆ ಪೀಡೆಯಾಗಿ ಪರಿಣಮಿಸುತ್ತದೆ. ಸೊಂಟದ ಎಲಾಸ್ಟಿಕ್ ಮಾಂಸವನ್ನು ಕಚ್ಚಿ ಹಿಡಿಯುತ್ತದೆ. ಚಕ್ಕಳಮಕ್ಕಳ ಹಾಕಿ ಕುಳಿತರೆ ಕವಲಿನಲ್ಲಿ ಬಿಗಿದು ಬೆನ್ನಿನ ಕಡೆ ಕೆಳಗೆ ಜಾರುತ್ತದೆ. ನಾಲ್ಕು ಸಲ ಒಗೆಯುವಷ್ಟರಲ್ಲಿ ಒಂದು ಕಾಲು ತಿರುಚಿಕೊಂಡು ಹೊಲಿಗೆ ಮೊಣಕಾಲಿನ ಮೇಲಕ್ಕೆ ಬಂದು ನಿಲ್ಲುತ್ತದೆ. ಈ ಎಲ್ಲ ದೋಷಗಳಿಗೂ ಕಾರಣಗಳಿವೆ; ಆ ಕಾರಣಗಳನ್ನು ಅರಿತು ಮನೆಯಲ್ಲಿಯೇ ಹೊಲಿದುಕೊಂಡರೆ ಪರಿಹಾರವೂ ಇದೆ. ಎರಡು ತುಂಡು ಬಟ್ಟೆ, ಕೆಲವು ಹೊಲಿಗೆಗಳು, ಒಂದು ಕಾಗದದ ನಮೂನೆ. ಹೊಲಿಗೆಯ ಓನಾಮ ಕಲಿಯುವವರಿಗೆ ಇದಕ್ಕಿಂತ ಸುಲಭವಾದ ಪಾಠ ದೊರೆಯದು.

ಹೆಸರಿನ ಹಿಂದಿನ ಕಥೆ

ಪಾಯಿಜಾಮೆ ಎಂಬುದು ಪಾರಸಿ ಮಾತು. ‘ಪಾಯ್’ ಎಂದರೆ ಕಾಲು, ‘ಜಾಮಾ’ ಎಂದರೆ ಉಡುಪು. ಸಂಸ್ಕೃತದ ‘ಪಾದ’ ಶಬ್ದಕ್ಕೂ ಪಾರಸಿಯ ಈ ‘ಪಾಯ್’ಗೂ ಒಂದೇ ಮೂಲವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಮನೆ ಕಟ್ಟುವಾಗ ನಾವು ಹಾಕಿಸುವ ‘ಪಾಯ’ವೂ ಇದೇ ಬಳಗಕ್ಕೆ ಸೇರಿದ್ದು. ಭಾರತಕ್ಕೆ ಬಂದ ಇಂಗ್ಲಿಷರು ಇಲ್ಲಿಯ ಸೆಕೆಯಲ್ಲಿ ಈ ಸಡಿಲವಾದ ಉಡುಪಿನ ಸುಖವನ್ನು ಕಂಡುಕೊಂಡರು. ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು ೧೮೮೬ರಲ್ಲಿ ಪ್ರಕಟಿಸಿದ ‘ಹಾಬ್ಸನ್ ಜಾಬ್ಸನ್’ ಎಂಬ ಪ್ರಸಿದ್ಧ ಕೋಶದಲ್ಲಿ ಈ ಶಬ್ದಕ್ಕೂ ಸ್ಥಾನ ದೊರೆತಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅದು ಅವರೊಡನೆ ಹಡಗು ಹತ್ತಿ ಇಂಗ್ಲೆಂಡನ್ನು ಸೇರಿ, ಗಂಡಸರು ಮಲಗುವಾಗ ತೊಡುತ್ತಿದ್ದ ಉದ್ದನೆಯ ಅಂಗಿಯನ್ನು ಕ್ರಮೇಣ ಪಕ್ಕಕ್ಕೆ ಸರಿಸಿತು. ಹೀಗೆ ಪೂರ್ವದೇಶದ ಮನೆಯುಡುಪು ಜಗತ್ತಿನ ಮನೆಯುಡುಪಾಯಿತು. ಇಂದು ಗಂಡು, ಹೆಣ್ಣು, ಮಗು, ಮುದುಕರೆಂಬ ಭೇದವಿಲ್ಲದೆ ಎಲ್ಲರ ಮೈಮೇಲೂ ಅದನ್ನು ಕಾಣಬಹುದು.

ಯಂತ್ರ ಬಂದ ಬಗೆ

ಹೊಲಿಗೆಯ ಯಂತ್ರ ಮನೆಯ ಒಳಕೋಣೆಗೆ ಬಂದದ್ದು ನಿರಾಯಾಸವಾಗಿ ಅಲ್ಲ. ೧೮೩೦ರಲ್ಲಿ ಫ್ರಾನ್ಸಿನ ತಿಮೋನಿಯೆ ಎಂಬ ದರ್ಜಿ ತನ್ನ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಸೈನಿಕರ ಸಮವಸ್ತ್ರಗಳನ್ನು ಹೊಲಿಯಲು ಪ್ಯಾರಿಸಿನಲ್ಲಿ ಆ ಯಂತ್ರಗಳನ್ನು ಸ್ಥಾಪಿಸಿದಾಗ, ತಮ್ಮ ಅನ್ನಕ್ಕೆ ಸಂಚಕಾರ ಬಂತೆಂದು ಹೆದರಿದ ದರ್ಜಿಗಳು ನುಗ್ಗಿ ಅವನ್ನು ಪುಡಿಮಾಡಿದರು. ಅಮೆರಿಕದ ಇಲಿಯಾಸ್ ಹೋವ್ ೧೮೪೬ರಲ್ಲಿಯೂ, ಐಸಾಕ್ ಸಿಂಗರ್ ೧೮೫೧ರಲ್ಲಿಯೂ ಹಕ್ಕುಪತ್ರಗಳನ್ನು ಪಡೆದ ಮೇಲೆ ಯಂತ್ರಕ್ಕೆ ಈಗಿನ ರೂಪ ಬರತೊಡಗಿತು. ಸಿಂಗರ್ ಕಂಪನಿಯವರು ಕಂತಿನ ಮೇಲೆ ಯಂತ್ರವನ್ನು ಮಾರತೊಡಗಿದುದರಿಂದ ಸಾಧಾರಣ ಸಂಸಾರಗಳಿಗೂ ಅದು ಕೈಗೆಟುಕಿತು. ೧೮೬೩ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಎಬನೀಜರ್ ಬಟರಿಕ್ ಎಂಬ ದರ್ಜಿ, ಬೇರೆ ಬೇರೆ ಗಾತ್ರಗಳಿಗೆ ಹೊಂದುವ ಕಾಗದದ ನಮೂನೆಗಳನ್ನು ಮಾರಾಟಕ್ಕೆ ತಂದ. ಯಂತ್ರ ಕೈಗೆ ವೇಗವನ್ನು ಕೊಟ್ಟಿತು. ನಮೂನೆ ಕತ್ತರಿಗೆ ಧೈರ್ಯವನ್ನು ಕೊಟ್ಟಿತು.

ಯಂತ್ರಗಳ ವ್ಯಾಮೋಹವನ್ನು ಕಟುವಾಗಿ ಟೀಕಿಸುತ್ತಿದ್ದ ಗಾಂಧೀಜಿಯವರು ಸಹ ೧೯೨೪ರಲ್ಲಿ ನಡೆದ ಒಂದು ಸಂವಾದದಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿಯನ್ನು ನೀಡಿದ್ದರು. ಹೆಂಡತಿಯ ದುಡಿಮೆಯನ್ನು ಕಡಮೆಮಾಡಬೇಕೆಂಬ ಪ್ರೀತಿಯಿಂದ ಹುಟ್ಟಿದ ಯಂತ್ರ ಅದು ಎಂಬುದು ಅವರ ಭಾವನೆಯಾಗಿತ್ತು. ೧೯೩೦ರ ದಶಕದಲ್ಲಿ ಕಲ್ಕತ್ತೆಯಲ್ಲಿ ‘ಉಷಾ’ ಯಂತ್ರಗಳ ತಯಾರಿಕೆ ಮೊದಲಾಯಿತು. ಮುಂದೆ ನಮ್ಮ ನಗರಗಳ ಎಷ್ಟೋ ಮನೆಗಳಲ್ಲಿ ಕಿಟಕಿಯ ಬೆಳಕಿಗೆ ಮುಖಮಾಡಿ ಇಟ್ಟ ಹೊಲಿಗೆ ಯಂತ್ರವು ಸಂಸಾರದ ಒಬ್ಬ ಸದಸ್ಯನಂತೆಯೇ ಆಯಿತು. ಅಕಾಲದಲ್ಲಿ ಆಧಾರ ಕಳೆದುಕೊಂಡ ಎಷ್ಟೋ ತಾಯಂದಿರು ಅದರ ಚಕ್ರವನ್ನು ತುಳಿದು ಮಕ್ಕಳನ್ನು ಓದಿಸಿದರು.

ಯಾರ ಅಳತೆ?

ಸಿದ್ಧ ಉಡುಪಿನ ಕಾರ್ಖಾನೆಗೆ ಮನುಷ್ಯರ ಪರಿಚಯವಿಲ್ಲ. ಗಾತ್ರಗಳ ಪರಿಚಯ ಮಾತ್ರ ಉಂಟು. ಸಣ್ಣದು, ಮಧ್ಯಮ, ದೊಡ್ಡದು, ಅತಿ ದೊಡ್ಡದು ಎಂಬ ನಾಲ್ಕು ಪೆಟ್ಟಿಗೆಗಳಲ್ಲಿ ನಾನೂರು ಬಗೆಯ ಮೈಕಟ್ಟುಗಳನ್ನು ತುಂಬಬೇಕು. ಸೊಂಟ ಸಣ್ಣದಾಗಿ ತೊಡೆ ದಪ್ಪವಾಗಿರುವವರು, ಹೊಟ್ಟೆ ಬಂದು ಕಾಲು ಸೊರಗಿರುವ ವೃದ್ಧರು, ಎತ್ತರವಾಗಿ ತೆಳ್ಳಗಿರುವ ಹುಡುಗರು, ಇವರಾರೂ ಆ ಲೆಕ್ಕದಲ್ಲಿ ಇಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ಹಣದ ವಿಷಯದಲ್ಲಿ ವಿವೇಕದ ಮಾತು. ಉಡುಪಿನ ವಿಷಯದಲ್ಲಿ ಅದನ್ನು ಪಾಲಿಸಬೇಕಾಗಿ ಬಂದರೆ ಅದು ಶಿಕ್ಷೆ.

ಕಾರ್ಖಾನೆಯಲ್ಲಿ ಹೊಲಿಯುವ ಕೈಗಳ ಕೌಶಲದಲ್ಲಿ ಕೊರತೆಯಿಲ್ಲ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. ಅಲ್ಲಿ ಕೆಲಸವನ್ನು ಹಂಚಿಬಿಟ್ಟಿರುತ್ತಾರೆ: ಒಬ್ಬಾಕೆ ಜೇಬನ್ನಷ್ಟೇ ಕೂಡಿಸುತ್ತಾಳೆ, ಇನ್ನೊಬ್ಬಾಕೆ ಸೊಂಟದ ಪಟ್ಟಿಯನ್ನಷ್ಟೇ ಹೊಲಿಯುತ್ತಾಳೆ, ಮತ್ತೊಬ್ಬಾಕೆ ಕಾಲಿನ ಅಂಚನ್ನಷ್ಟೇ ಮಡಿಸುತ್ತಾಳೆ. ೨೦೧೬ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹಣವನ್ನು ಹಿಂಪಡೆಯಲು ನಿರ್ಬಂಧ ಹೇರುವ ಹೊಸ ನಿಯಮದ ವಿರುದ್ಧ ಈ ಹೆಂಗಸರೇ ಸಾವಿರಾರು ಸಂಖ್ಯೆಯಲ್ಲಿ ಬೆಂಗಳೂರಿನ ಬೀದಿಗಿಳಿದಾಗ, ಕೇಂದ್ರ ಸರಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ನಾಡಿನವರ ಉಡುಪು ಯಾರ ಕೈಯಲ್ಲಿ ತಯಾರಾಗುತ್ತದೆಂಬುದನ್ನು ಆ ಎರಡು ದಿನ ಇಡೀ ನಗರ ಕಂಡಿತು. ಒಂದು ಪಾಯಿಜಾಮೆಯನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಹೊಲಿದು ನೋಡಿದವರಿಗೆ, ಗಂಟೆಗೆ ಇಷ್ಟೆಂದು ಲೆಕ್ಕ ಒಪ್ಪಿಸಬೇಕಾದ ಆ ದುಡಿಮೆಯ ಬೆಲೆ ತಾನಾಗಿಯೇ ತಿಳಿಯುತ್ತದೆ. ಮನೆಯ ಹೊಲಿಗೆಯಿಂದ ದೊರೆಯುವ ಲಾಭಗಳಲ್ಲಿ ಇದೂ ಒಂದು.

ಬಟ್ಟೆಯ ಆಯ್ಕೆ

ಮನೆಯುಡುಪಿಗೆ ಹತ್ತಿಯ ಬಟ್ಟೆಗೆ ಸಮನಾದುದಿಲ್ಲ. ಅದು ಬೆವರನ್ನು ಹೀರಿ ಗಾಳಿಗೆ ಬಿಟ್ಟುಕೊಡುತ್ತದೆ. ಬೇಸಗೆಗೆ ಪಾಪ್ಲಿನ್ ಅಥವಾ ಲಾಂಗ್‌ಕ್ಲಾತ್, ಮಡಿಕೇರಿ ಚಿಕ್ಕಮಗಳೂರುಗಳ ಚಳಿಗೆ ಫ್ಲಾನೆಲ್ ಒಳ್ಳೆಯದು. ಖಾದಿಯೂ ಅತ್ಯಂತ ಹಿತಕರ. ೧೯೨೭ರಲ್ಲಿ ಗಾಂಧೀಜಿ ಭೇಟಿಯಿತ್ತ ನಂಜನಗೂಡು ತಾಲ್ಲೂಕಿನ ಬದನವಾಳುವಿನಂಥ ಊರುಗಳ ಹೆಸರು ಖಾದಿಯೊಡನೆ ಬೆರೆತುಹೋಗಿದೆ. ಕೈಮಗ್ಗದ ಸಡಿಲ ನೇಯ್ಗೆಯ ಬಟ್ಟೆಯಲ್ಲಿ ಅಂಚಿನ ಎಳೆಗಳು ಬೇಗ ಬಿಚ್ಚಿಕೊಳ್ಳುವುದರಿಂದ ಹೊಲಿಗೆಗೆ ಕಾಲು ಅಂಗುಲ ಬಟ್ಟೆಯನ್ನು ಹೆಚ್ಚಾಗಿ ಬಿಡಬೇಕು.

ಬಟ್ಟೆ ತಂದ ಕೂಡಲೇ ಕತ್ತರಿ ಹಾಕುವುದು ಸಲ್ಲದು. ನೇಯುವಾಗಲೂ ಅನಂತರ ಹದಗೊಳಿಸುವಾಗಲೂ ನೂಲು ಎಳೆತಕ್ಕೆ ಸಿಕ್ಕಿರುತ್ತದೆ. ನೀರು ಬಿದ್ದಾಗ ಹತ್ತಿಯ ನಾರು ಉಬ್ಬುತ್ತದೆ, ಬಿಗಿತ ಸಡಲುತ್ತದೆ, ಬಟ್ಟೆ ಕುಗ್ಗುತ್ತದೆ. ಇಂದು ಹರಡನ್ನು ಮುಟ್ಟುವ ಪಾಯಿಜಾಮೆ ಮೊದಲ ಒಗೆತದ ನಂತರ ಮೀನಖಂಡಕ್ಕೆ ಏರುವುದರ ಗುಟ್ಟು ಇದೇ. ಆದುದರಿಂದ ಬಟ್ಟೆಯನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿ, ಹಿಂಡದೆ ನೆರಳಿನಲ್ಲಿ ಒಣಗಿಸಿ, ತುಸು ತೇವವಿರುವಾಗಲೇ ಇಸ್ತ್ರಿ ಮಾಡಬೇಕು. ಬಣ್ಣ ಬಿಡುವ ಬಟ್ಟೆಯಾದರೆ ಅದರ ಬಣ್ಣವೂ ಆಗಲೇ ಬಯಲಾಗುತ್ತದೆ.

ಹಾಸು ಹೊಕ್ಕುಗಳ ವಿಚಾರವನ್ನೂ ಮರೆಯುವಂತಿಲ್ಲ. ಬಟ್ಟೆಯ ದಡಿಯ ಗುಂಟ ಉದ್ದಕ್ಕೆ ಹೋಗುವುದು ಹಾಸು. ಅಡ್ಡಕ್ಕೆ ಹೆಣೆದಿರುವುದು ಹೊಕ್ಕು. ಹಾಸಿನ ಎಳೆ ಹೆಚ್ಚು ಬಿಗಿ, ಹೆಚ್ಚು ಗಟ್ಟಿ. ಪಾಯಿಜಾಮೆಯ ಕಾಲಿನ ಉದ್ದ ಹಾಸಿನ ದಿಕ್ಕಿನಲ್ಲಿಯೇ ಇರಬೇಕು. ಬಟ್ಟೆಯನ್ನು ಉಳಿಸುವ ಆಸೆಯಿಂದ ನಮೂನೆಯನ್ನು ಓರೆಯಾಗಿಟ್ಟು ಕತ್ತರಿಸಿದರೆ ಕಾಲು ತಿರುಚಿಕೊಳ್ಳುವುದು ಖಂಡಿತ. ಉಳಿದದ್ದು ಗೇಣು ಬಟ್ಟೆ; ಕೆಟ್ಟದ್ದು ಇಡೀ ಉಡುಪು.

ಅಳತೆ ಮತ್ತು ನಮೂನೆ

ಮೂರು ಅಳತೆಗಳು ಸಾಕು. ನಿತಂಬದ ಅತ್ಯಂತ ದಪ್ಪನೆಯ ಭಾಗದ ಸುತ್ತಳತೆ ಒಂದು. ಸೊಂಟದಿಂದ ಕಾಲಿನ ಹರಡಿನವರೆಗಿನ ಉದ್ದ ಎರಡು. ಕುರ್ಚಿಯ ಮೇಲೆ ನೆಟ್ಟಗೆ ಕುಳಿತಾಗ ಪಕ್ಕದಲ್ಲಿ ಸೊಂಟದಿಂದ ಕುರ್ಚಿಯ ಹಲಗೆಯವರೆಗಿನ ಎತ್ತರ ಮೂರು. ಈ ಮೂರನೆಯದೇ ಉಡುಪಿನ ಪ್ರಾಣ. ಅದು ಕಡಮೆಯಾದರೆ ಕೂತಾಗ ಬಿಗಿಯುತ್ತದೆ. ಮಿತಿಮೀರಿದರೆ ನಡೆಯುವಾಗ ತೊಡೆಗೆ ತೊಡರುತ್ತದೆ.

ಉದಾಹರಣೆಗೆ ನಿತಂಬ ೩೮ ಅಂಗುಲ, ಉದ್ದ ೩೯ ಅಂಗುಲ, ಕೂರುವ ಎತ್ತರ ಹತ್ತೂವರೆ ಅಂಗುಲ ಎಂದಿಟ್ಟುಕೊಳ್ಳಬಹುದು. ಹಳೆಯ ವೃತ್ತಪತ್ರಿಕೆಯ ಹಾಳೆಗಳನ್ನು ಅಂಟಿಸಿ ದೊಡ್ಡ ಕಾಗದವನ್ನು ಸಿದ್ಧಪಡಿಸಿ, ನಡುವೆ ೩೯ ಅಂಗುಲದ ನೇರ ಗೆರೆಯನ್ನು ಎಳೆಯಬೇಕು. ಇದು ಕಾಲಿನ ಹೊರಪಕ್ಕದ ಗೆರೆ. ಇಲ್ಲಿ ಹೊಲಿಗೆ ಬರುವುದಿಲ್ಲ, ಮುಂಭಾಗ ಹಿಂಭಾಗಗಳೆರಡೂ ಒಂದೇ ತುಂಡು. ಗೆರೆಯ ಒಂದು ಬದಿ ಮುಂಭಾಗ, ಇನ್ನೊಂದು ಬದಿ ಹಿಂಭಾಗ.

ಸಡಿಲಕ್ಕಾಗಿ ನಿತಂಬದ ಅಳತೆಗೆ ೬ ಅಂಗುಲ ಕೂಡಿಸಿದರೆ ೪೪ ಆಗುತ್ತದೆ. ಅದರ ಕಾಲುಭಾಗ ೧೧. ಮೇಲ್ತುದಿಯಲ್ಲಿ ಮುಂಬದಿಗೆ ೧೧ ಅಂಗುಲದಲ್ಲಿ ಗುರುತು ಮಾಡಬೇಕು. ಹಿಂಬದಿಗೆ ೧೦ ಅಂಗುಲ ಮಾತ್ರ. ಆದರೆ ಆ ಗುರುತನ್ನು ಒಂದೂವರೆ ಅಂಗುಲ ಮೇಲಕ್ಕೆ ಏರಿಸಬೇಕು. ಮನುಷ್ಯ ಕುಳಿತಾಗ, ಬಾಗಿದಾಗ ಬೆನ್ನಿನ ಕಡೆಗೆ ಹೆಚ್ಚು ಬಟ್ಟೆ ಬೇಕಾಗುವುದರಿಂದ ಈ ಏರು. ಇದನ್ನು ಬಿಟ್ಟ ಪಾಯಿಜಾಮೆಯೇ ಬೆನ್ನ ಹಿಂದೆ ಕೆಳಗೆ ಜಾರುವುದು.

ಕೂರುವ ಎತ್ತರಕ್ಕೆ ಒಂದೂವರೆ ಅಂಗುಲ ಸಡಿಲವನ್ನು ಕೂಡಿಸಿ, ಮೇಲ್ತುದಿಯಿಂದ ೧೨ ಅಂಗುಲ ಕೆಳಗೆ ಅಡ್ಡಗೆರೆಯನ್ನು ಎಳೆಯಬೇಕು. ಇದು ಕವಲಿನ ಗೆರೆ. ಇಲ್ಲಿ ಮುಂಭಾಗ ೧೧ ಅಂಗುಲದಿಂದ ಇನ್ನೂ ಎರಡೂವರೆ ಅಂಗುಲ ಹೊರಕ್ಕೆ, ಎಂದರೆ ಹದಿಮೂರೂವರೆಗೆ ಚಾಚಬೇಕು. ಹಿಂಭಾಗ ನಾಲ್ಕೂಮುಕ್ಕಾಲು ಅಂಗುಲ ಹೊರಕ್ಕೆ, ಎಂದರೆ ಹದಿನೈದೂಮುಕ್ಕಾಲಿಗೆ ಚಾಚಬೇಕು. ನಿತಂಬದ ಅಳತೆಯ ಹದಿನಾರನೆಯ ಒಂದು ಭಾಗ ಮುಂದಕ್ಕೆ, ಎಂಟನೆಯ ಒಂದು ಭಾಗ ಹಿಂದಕ್ಕೆ ಎಂಬುದು ಇದರ ಸ್ಥೂಲವಾದ ಲೆಕ್ಕ. ಹಿಂಬದಿಯ ಈ ತುದಿಯನ್ನು ಅರ್ಧ ಅಂಗುಲ ಕೆಳಗಿಳಿಸಿದರೆ ಒಳಗಾಲಿನ ಎರಡು ಅಂಚುಗಳ ಉದ್ದವೂ ಸಮನಾಗುತ್ತದೆ. ಮೇಲಿನ ಗುರುತುಗಳಿಂದ ಈ ತುದಿಗಳಿಗೆ ಕುಡುಗೋಲಿನ ಬಾಗಿನಂತೆ ಗೆರೆಯನ್ನು ಇಳಿಸಬೇಕು. ಮುಂದಿನದು ಚಿಕ್ಕ ಬಾಗು; ಹಿಂದಿನದು ಓರೆಯಾಗಿ ಇಳಿದು ಉದ್ದಕ್ಕೆ ಚಾಚಿದ ಬಾಗು.

ಕಾಲಿನ ಕೊನೆಯಲ್ಲಿ ಎರಡೂ ಬದಿಗೆ ಒಂಬತ್ತೊಂಬತ್ತು ಅಂಗುಲ ಗುರುತು ಹಾಕಿ, ಕವಲಿನ ತುದಿಗಳಿಗೆ ಸೇರಿಸಿದರೆ ನಮೂನೆ ಮುಗಿಯಿತು. ಹೊಲಿಗೆಗೆಂದು ಸುತ್ತಲೂ ಅರ್ಧ ಅಂಗುಲ, ಸೊಂಟಕ್ಕೆ ೨ ಅಂಗುಲ, ಕಾಲಿನ ಅಂಚಿಗೆ ೨ ಅಂಗುಲ ಹೆಚ್ಚು ಬಿಡಬೇಕು. ಮುಂದೆ ಯಾವುದು, ಹಿಂದೆ ಯಾವುದು, ಯಾರ ಅಳತೆ, ಯಾವ ದಿನಾಂಕ ಎಂಬುದನ್ನು ಅದರ ಮೇಲೆಯೇ ಬರೆದಿಡುವುದು ಜಾಣತನ. ಇಷ್ಟು ಲೆಕ್ಕ ಬೇಡವೆನ್ನುವವರು, ಮೈಗೆ ಒಪ್ಪಿದ ಹಳೆಯ ಪಾಯಿಜಾಮೆಯೊಂದರ ಹೊಲಿಗೆಯನ್ನು ಬಿಚ್ಚಿ, ಇಸ್ತ್ರಿ ಮಾಡಿ, ಅದರ ಒಂದು ಕಾಲನ್ನೇ ಕಾಗದದ ಮೇಲೆ ಹರಡಿ ಗೆರೆ ಎಳೆದುಕೊಳ್ಳಬಹುದು.

ಕತ್ತರಿಸುವಾಗ

ಈ ಅಳತೆಗೆ ೩೬ ಅಂಗುಲ ಪನ್ನದ ಬಟ್ಟೆಯಾದರೆ ಎರಡೂವರೆ ಮೀಟರು ಬೇಕು. ೫೮ ಅಂಗುಲ ಪನ್ನದಲ್ಲಿ ಒಂದು ಕಾಲನ್ನು ಮೇಲುಮುಖವಾಗಿಯೂ ಇನ್ನೊಂದನ್ನು ಕೆಳಮುಖವಾಗಿಯೂ ಇಟ್ಟರೆ ಒಂದೂವರೆ ಮೀಟರಿನಲ್ಲಿ ಮುಗಿಯುತ್ತದೆ. ಆದರೆ ಹೂಬಳ್ಳಿಗಳಿಗೆ ತಲೆ ಬುಡವೆಂಬುದಿರುವ ಚಿತ್ರದ ಬಟ್ಟೆಗೂ, ಒಂದೇ ಕಡೆ ಮಲಗುವ ರೋಮವುಳ್ಳ ಫ್ಲಾನೆಲ್‌ಗೂ ಈ ಉಪಾಯ ನಡೆಯದು.

ಕಲಿಯುವವರನ್ನು ಮೋಸಗೊಳಿಸುವ ಸ್ಥಳ ಒಂದುಂಟು. ಒಂಟಿಪದರ ಬಟ್ಟೆಯ ಮೇಲೆ ನಮೂನೆಯನ್ನು ಒಂದೇ ಮಗ್ಗುಲಾಗಿ ಎರಡು ಸಲ ಇಟ್ಟು ಕತ್ತರಿಸಿದರೆ ಎರಡೂ ಎಡಗಾಲುಗಳೇ ಆಗಿಬಿಡುತ್ತವೆ. ಎರಡನೆಯ ಸಲ ಕಾಗದವನ್ನು ಮಗುಚಿ ಇಡಬೇಕು. ಇಲ್ಲವೇ, ಬಟ್ಟೆಯನ್ನು ಸಮನಾದ ಎರಡು ತುಂಡು ಮಾಡಿ, ಹೊರಮೈಗೆ ಹೊರಮೈ ತಾಗುವಂತೆ ಒಂದರ ಮೇಲೊಂದು ಹರಡಿ ಒಟ್ಟಿಗೆ ಕತ್ತರಿಸಿದರೆ ಎಡ ಬಲಗಳು ತಾವಾಗಿಯೇ ದೊರೆಯುತ್ತವೆ. ಪಕ್ಕದಲ್ಲಿ ಉಳಿದ ಉದ್ದನೆಯ ಪಟ್ಟಿ ಲಾಡಿಗೆ. ಕಾಲಿನ ಬದಿಯ ತುಂಡುಗಳು ಜೇಬಿಗೆ.

ಹೊಲಿಯುವಾಗ

ಹದವಾದ ದಪ್ಪದ ಹತ್ತಿಗೆ ೧೪ನೆಯ ನಂಬರಿನ ಸೂಜಿ, ತೆಳು ಬಟ್ಟೆಗೆ ೧೧ನೆಯದು. ಅಂಗುಲಕ್ಕೆ ಹತ್ತು ಹನ್ನೆರಡು ಹೊಲಿಗೆ ಬೀಳಬೇಕು. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರವೂ ಬಾಬಿನ್ನಿನ ದಾರವೂ ಬಟ್ಟೆಯ ನಡುವೆ ಒಂದನ್ನೊಂದು ತಬ್ಬಿಕೊಳ್ಳಬೇಕು. ಕೆಳಗಡೆ ಕುಣಿಕೆಗಳು ಕಂಡುಬಂದರೆ ಮೇಲಿನ ದಾರ ಸಡಿಲವಾಗಿದೆಯೆಂದು ತಿಳಿಯಬೇಕು. ಇದನ್ನು ಚೂರು ಬಟ್ಟೆಯ ಮೇಲೆ ಮೊದಲೇ ಪರೀಕ್ಷಿಸುವುದು ಒಳ್ಳೆಯದು.

ಮೊದಲು ಒಂದೊಂದು ಕಾಲನ್ನೂ ಹೊರಮೈ ಒಳಗಾಗುವಂತೆ ಮಡಿಸಿ ಒಳಗಾಲಿನ ಹೊಲಿಗೆಯನ್ನು ಹಾಕಬೇಕು. ಎರಡು ಕೊಳವೆಗಳು ಸಿದ್ಧವಾಗುತ್ತವೆ. ಒಂದನ್ನು ಮಗುಚಿ, ಇನ್ನೊಂದರ ಒಳಗೆ ತೂರಿಸಿ, ಹೊರಮೈಗಳು ಪರಸ್ಪರ ತಾಗುವಂತೆ ಕವಲಿನ ಬಾಗನ್ನು ಹೊಂದಿಸಬೇಕು. ಒಳಗಾಲಿನ ಎರಡು ಹೊಲಿಗೆಗಳು ಒಂದಕ್ಕೊಂದು ಎದುರಾದಲ್ಲಿ ಪಿನ್ನು ಚುಚ್ಚಿ, ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಮುಂದಿನ ಸೊಂಟದಿಂದ ಹಿಂದಿನ ಸೊಂಟದವರೆಗೆ ಒಂದೇ ಸಮನೆ ಯಂತ್ರ ಓಡಿಸಬೇಕು. ಕೂತೇಳುವಾಗ ಎಲ್ಲ ಎಳೆತವೂ ಈ ಬಾಗಿನ ಮೇಲೆಯೇ ಬೀಳುವುದರಿಂದ ಅಲ್ಲಿ ಎರಡನೆಯ ಸಲವೂ ಹೊಲಿಯುವುದು ಅಗತ್ಯ. ಮುಂಗಡೆ ಸೊಂಟದ ಪಟ್ಟಿ ಬರುವಲ್ಲಿ, ಲಾಡಿ ಹೊರಬರಲು ಮುಕ್ಕಾಲು ಅಂಗುಲ ಹೊಲಿಯದೆ ಬಿಡಬೇಕು.

ಮೇಲಂಚನ್ನು ಅರ್ಧ ಅಂಗುಲ ಮಡಿಸಿ, ಮತ್ತೆ ಒಂದೂವರೆ ಅಂಗುಲ ಮಡಿಸಿ, ಮಡಿಕೆಯ ಅಂಚಿನಲ್ಲಿ ಸುತ್ತಲೂ ಹೊಲಿದರೆ ಲಾಡಿಯ ಗೂಡು ಸಿದ್ಧ. ಎಲಾಸ್ಟಿಕ್ ಹಾಕುವವರು ಸೊಂಟದ ಸುತ್ತಳತೆಗಿಂತ ಎರಡು ಮೂರು ಅಂಗುಲ ಕಡಮೆ ಉದ್ದದ, ಒಂದಂಗುಲ ಅಗಲದ ಪಟ್ಟಿಯನ್ನು ತೆಗೆದುಕೊಂಡು ಮೊದಲು ಸೊಂಟಕ್ಕೆ ಸುತ್ತಿ ನೋಡಬೇಕು. ಉಸಿರೆಳೆದುಕೊಂಡಾಗಲೂ ಕಚ್ಚದಿದ್ದರೆ ಅದೇ ಸರಿಯಾದ ಅಳತೆ. ತುದಿಗೆ ಸೇಫ್ಟಿ ಪಿನ್ನು ಸಿಕ್ಕಿಸಿ ಗೂಡಿನೊಳಗೆ ತೂರಿಸಿದರೆ ಅದು ಸಲೀಸಾಗಿ ಸುತ್ತಿಬರುತ್ತದೆ. ಕಾಲಿನ ಅಂಚನ್ನು ಮಡಿಸುವ ಮುನ್ನ ಉಡುಪನ್ನು ತೊಡಿಸಿ, ನಿಲ್ಲಿಸಿ, ಕೂರಿಸಿ ನೋಡಬೇಕು. ಕೊನೆಯ ಮಾತು ಟೇಪಿನದಲ್ಲ, ಮೈಯದು.

ಮುದುಕರಿಗೆ, ಮಕ್ಕಳಿಗೆ, ರೋಗಿಗಳಿಗೆ

ಮನೆಯ ಹೊಲಿಗೆ ತನ್ನ ನಿಜವಾದ ಬೆಲೆಯನ್ನು ತೋರುವುದು ಇಲ್ಲಿ. ಕೈಬೆರಳ ಗಂಟುಗಳು ಊದಿಕೊಂಡ ವೃದ್ಧರಿಗೆ ಲಾಡಿಯನ್ನು ಬಿಚ್ಚುವುದು ದಿನವೂ ಒಂದು ಯುದ್ಧ. ಬೇರೊಬ್ಬರನ್ನು ಕರೆಯಬೇಕಾದ ಸಂಕೋಚ ಅದಕ್ಕಿಂತಲೂ ದೊಡ್ಡದು. ಅಂಥವರಿಗೆ ಮೃದುವಾದ ಅಗಲ ಎಲಾಸ್ಟಿಕ್ಕೇ ಲೇಸು. ಉದ್ದವನ್ನು ಹರಡಿನ ಮೇಲಕ್ಕೇ ನಿಲ್ಲಿಸಿದರೆ ಬಚ್ಚಲಿಗೆ ಹೋಗುವಾಗ ಅಂಚು ಕಾಲಿಗೆ ಸಿಕ್ಕಿ ಎಡವುವ ಭಯವಿರುವುದಿಲ್ಲ. ಕಾಲಿಗೆ ಶಸ್ತ್ರಚಿಕಿತ್ಸೆಯಾದವರಿಗೆ ಹೊರಪಕ್ಕವನ್ನು ಮೊಣಕಾಲಿನ ಮೇಲಿನವರೆಗೂ ಸೀಳಿ, ಎರಡೂ ಅಂಚುಗಳಿಗೆ ಪಟ್ಟಿ ಕೊಟ್ಟು, ಕಟ್ಟುದಾರಗಳನ್ನು ಹೊಲಿದರೆ, ಗಾಯದ ಕಟ್ಟನ್ನು ಬದಲಾಯಿಸುವಾಗ ಉಡುಪನ್ನು ಕಳಚುವ ಸಂಕಟ ತಪ್ಪುತ್ತದೆ. ಗರ್ಭಿಣಿಯರಿಗೆ ಮುಂಭಾಗದ ಸೊಂಟವನ್ನು ಎರಡು ಮೂರು ಅಂಗುಲ ತಗ್ಗಿಸಿದರೆ ಪಟ್ಟಿ ಹೊಟ್ಟೆಯ ಕೆಳಗೆ ಹಿತವಾಗಿ ಕೂರುತ್ತದೆ. ಬೆಳೆಯುವ ಮಕ್ಕಳಿಗೆ ಕಾಲಿನ ಅಂಚಿನಲ್ಲಿ ಮೂರು ನಾಲ್ಕು ಅಂಗುಲ ಬಟ್ಟೆಯನ್ನು ಒಳಗೆ ಮಡಿಸಿಟ್ಟರೆ ಮುಂದಿನ ವರ್ಷ ಬಿಚ್ಚಿ ಇಳಿಸಬಹುದು. ಪುಟ್ಟ ಮಕ್ಕಳಿಗೆ ಉದ್ದನೆಯ ಲಾಡಿ ಅಪಾಯಕರವಾದ್ದರಿಂದ ಎಲಾಸ್ಟಿಕ್ಕೇ ಕ್ಷೇಮ.

ಇಂಥ ಉಡುಪುಗಳು ಯಾವ ಅಂಗಡಿಯ ಕಪಾಟಿನಲ್ಲಿಯೂ ಸುಲಭವಾಗಿ ಸಿಗುವುದಿಲ್ಲ. ಅವನ್ನು ಹೊಲಿಯಲು ಬೇಕಾದುದು ಅಸಾಧಾರಣ ಪ್ರತಿಭೆಯೂ ಅಲ್ಲ. ಮನೆಯವರ ಕಷ್ಟವನ್ನು ಕಂಡ ಕಣ್ಣು, ಕತ್ತರಿಗೆ ಹೆದರದ ಕೈ, ಒಂದೆರಡು ಮಧ್ಯಾಹ್ನಗಳ ತಾಳ್ಮೆ. ಮೊದಲನೆಯ ಪಾಯಿಜಾಮೆಯ ಹೊಲಿಗೆ ತುಸು ವಕ್ರವಾದರೂ ಚಿಂತೆಯಿಲ್ಲ. ಮನೆಯೊಳಗೆ ಅದನ್ನು ನೋಡಿ ನಗುವವರು ಯಾರೂ ಇಲ್ಲ. ನಕ್ಕವರಿಗೆ ಎರಡನೆಯದನ್ನು ಹೊಲಿದುಕೊಟ್ಟರೆ ಅವರ ಬಾಯಿಯೂ ಮುಚ್ಚುತ್ತದೆ. ಗಂಡುಮಕ್ಕಳೂ ಇದನ್ನು ಕಲಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಸೂಜಿಗೆ ಗಂಡು ಹೆಣ್ಣೆಂಬ ಭೇದ ತಿಳಿಯದು. ಪೇಟೆಯ ದರ್ಜಿಗಳಲ್ಲಿ ಗಂಡಸರೇ ಹೆಚ್ಚೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ನಮೂನೆಯ ಕಾಗದವನ್ನು ಮಾತ್ರ ಎಸೆಯಬಾರದು. ಅದನ್ನು ಮಡಿಸಿ, ಲಕೋಟೆಯಲ್ಲಿಟ್ಟು, ಹೆಸರು ಬರೆದು, ಹೊಲಿಗೆ ಯಂತ್ರದ ಖಾನೆಯಲ್ಲಿ ಜೋಪಾನಮಾಡಬೇಕು. ವರ್ಷಗಳು ಕಳೆದಂತೆ ಅಜ್ಜನದು, ಅಮ್ಮನದು, ಮಗಳದು, ಮೊಮ್ಮಗನದು ಎಂದು ಲಕೋಟೆಗಳು ಬೆಳೆಯುತ್ತವೆ. ಯಾರ ಕಾಲು ಎಷ್ಟು ಉದ್ದ, ಯಾರ ಸೊಂಟ ಎಂದು ಹಿಗ್ಗಿತು, ಯಾರು ಯಾವ ವರ್ಷ ಎರಡಂಗುಲ ಎತ್ತರ ಬೆಳೆದರು ಎಂಬ ಲೆಕ್ಕವೆಲ್ಲ ಆ ಹಳೆಯ ವೃತ್ತಪತ್ರಿಕೆಯ ಹಾಳೆಗಳ ಮೇಲೆ ಪೆನ್ಸಿಲಿನ ಗೆರೆಗಳಾಗಿ ಉಳಿದಿರುತ್ತದೆ.